ಸಪ್ಪಳ ಮಾಡದ ಎಸ್‌ಎಂಪಿಎಸ್‌ಗೆ ರೊಕ್ಕ ಹಾಕಬೇಕೋ, ಬ್ಯಾಡೋ?

ಅಕ್ಕಾರ, ವೈನಿಯಾರ, ಮನಿಗೆ ಕಂಪ್ಯೂಟರ್ ತರೋವಾಗ ಅಂಗಡ್ಯಾವ ಪ್ರೊಸೆಸರ್ ಬಗ್ಗೆ ಹೇಳ್ತಾನ, ರ್‍ಯಾಮ್ ಬಗ್ಗೆ ಹೇಳ್ತಾನ. ಎಸ್‌ಎಂಪಿಎಸ್ ಬಗ್ಗೆ ಒಂದ್ ಮಾತೂ ಆಡಂಗಿಲ್ಲ. ಸಿಪಿಯು ಡಬ್ಬಿ ಹಿಂದ ಕರೆಂಟ್ ವೈರ್ ಚುಚ್ಚತೀವಲ್ಲ, ಆ ಕಬ್ಬಿಣದ ಪೆಟಿಗೀನೇ ಎಸ್‌ಎಂಪಿಎಸ್. ಗ್ವಾಡಿಯಿಂದ ಬರೋ 230 ವೋಲ್ಟ್ ಕರೆಂಟನ್ನ ಅದು 12, 5, 3.3 ವೋಲ್ಟಿಗೆ ಇಳಿಸಿ ಒಳಗಿನ ಸಾಮಾನಿಗೆ ಕೊಡ್ತದ. ರಾತ್ರಿ ಹುಡುಗ್ರು ಓದ್ಲಕ್ಕ ಕುಂತಾಗ, ಅದೇ ಖೋಲ್ಯಾಗ ಅತ್ತಿ ಮಲಗಿದಾಗ, ಗುಂಯ್ ಅನ್ನೋದು ಭಾಳ ಸಲ ಇದರ ಫ್ಯಾನು. ದಿನಾ ಆ ಸಪ್ಪಳ ಕೇಳೋರು ನಾವು, ಖರೀದಿ ಮಾತು ಮಾತ್ರ ಗಂಡಸರ ಜೋಡಿ. ಅದಕ್ಕ ಇದನ್ನ ನಾವೂ ತಿಳ್ಕೋಬೇಕು.

‘ಸೈಲೆಂಟ್’ ಅಂತ ಬರ್ದಿದ್ದು ನೋಡಿ ರೊಕ್ಕ ಕೊಡಬ್ಯಾಡ್ರಿ. ಒಳಗ ಕಾವು ಎಷ್ಟು ಆಗ್ತದ ಅದನ್ನ ನೋಡ್ರಿ. ಕಂಪ್ಯೂಟರಿಗೆ 200 ವ್ಯಾಟ್ ಬೇಕಂದ್ರ, ನೂರಕ್ಕ 80 ಮುಟ್ಟಿಸೋ ಎಸ್‌ಎಂಪಿಎಸ್ ಗ್ವಾಡಿಯಿಂದ 250 ಎಳೀತದ, 50 ವ್ಯಾಟ್ ಬರೇ ಕಾವಾಗ್ತದ. ನೂರಕ್ಕ 90 ಮುಟ್ಟಿಸೋದು ಎಳೆಯೋದು ಸುಮಾರು 222, ಕಾವು 22. ಕಾವು ಕಡಿಮಿ ಆದ್ರ ಫ್ಯಾನ್ ಸಾವಕಾಶ ತಿರಗ್ತದ, ಸಪ್ಪಳ ತಾನೇ ಇಳೀತದ. 2004ರಿಂದ ಬಂದ ‘80 ಪ್ಲಸ್’ ಗುರ್ತು ಹೇಳೋದು ಇದನ್ನೇ. ಬ್ರಾಂಜ್‌ಗಿಂತ ಗೋಲ್ಡ್‌ದಾಗ ಪೋಲಾಗೋದು ಕಡಿಮಿ.

ಆದ್ರ ಆ ಪರೀಕ್ಷಿ ಮಾಡೋದು ಸುಮಾರು 23 ಡಿಗ್ರಿ ಖೋಲ್ಯಾಗ. ನಮ್ಮ ಯಾದಗಿರ್‍ಯಾಗ ಏಪ್ರಿಲ್, ಮೇದಾಗ 40 ದಾಟ್ತದ. ಶಹಾಪುರದ ಗುಡ್ಡದ ಬಂಡಿ ರಾತ್ರಿ ಆದ್ರೂ ಕಾದೇ ಇರ್ತಾವ. ಕೆಲಸ ಕಡಿಮಿ ಇದ್ದಾಗ ಫ್ಯಾನೇ ನಿಲ್ಲಿಸೋ ಎಸ್‌ಎಂಪಿಎಸ್ ಅವ. ನಮ್ಮ ಬ್ಯಾಸಗ್ಯಾಗ ಅವೂ ತಿರಗ್ತಾವ, ತಿರಗಲಿ ಬಿಡ್ರಿ. ಸಸ್ತಾ ಮಾಲಿನಾಗ ಫ್ಯಾನ್ ಸಾವಕಾಶ ತಿರುಗಿ ಒಳಗಿನ ಸಾಮಾನು ಬೆಂದು ಹೋದ್ರ, ಆ ಸುಮ್ಮನಿರೋದಕ್ಕ ಏನು ಬೆಲಿ?

ಅಂಗಡಿ ಗದ್ಲದಾಗ ಇದೆಲ್ಲ ಗೊತ್ತಾಗಂಗಿಲ್ಲ. ಮನ್ಯಾಗ ಮಧ್ಯಾಹ್ನ ಒಂದ್ ತಾಸು ಕಂಪ್ಯೂಟರ್ ಓಡಿಸಿ, ಮ್ಯಾಲಿನ ಫ್ಯಾನ್ ಬಂದ್ ಮಾಡಿ ಕೇಳ್ರಿ. ಪೇಪರ್ ನಳಿಗಿ ಹಂಗ ಸುತ್ತಿ ಕಿವಿಗಿಟ್ಟು, ಇನ್ನೊಂದ್ ತುದಿ ಡಬ್ಬಿ ಹಿಂದ, ಆಮ್ಯಾಲ ಬಾಜೂಕ ಹಿಡೀರಿ. ಕೂಗೋದು ಪ್ರೊಸೆಸರ್ ಫ್ಯಾನ್ ಇದ್ರ ಹೊಸಾ ಎಸ್‌ಎಂಪಿಎಸ್ ತಂದು ಉಪಯೋಗಿಲ್ಲ. ಸಣ್ಣಗ ಕಿಂಯ್ ಅನ್ನೋದು ಹುಡುಗ್ರಿಗೆ ಕೇಳಸ್ತದ, ವಯಸ್ಸಾದೋರಿಗೆ ಕೇಳ್ಸಂಗಿಲ್ಲ. ಹುಡುಗ್ರು ಹೇಳಿದ್ರ ನಂಬ್ರಿ.

ನಾ ಹೇಳೋದು, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಓದೋ-ಬರಿಯೋ ಕಂಪ್ಯೂಟರಿಗೆ 100 ವ್ಯಾಟೂ ಹತ್ತೋದು ಅಪರೂಪ. 120 ಮಿಲಿಮೀಟರ್ ಫ್ಯಾನಿನ, 400-450 ವ್ಯಾಟಿನ ಒಳ್ಳೇ ಬ್ರಾಂಜ್ ಸಾಕು. ದೊಡ್ಡ ಫ್ಯಾನ್ ಸಾವಕಾಶ ತಿರುಗಿದ್ರೂ ಗಾಳಿ ಸಾಕಷ್ಟು ಒಯ್ತದ. ಮಲಗೋ ಖೋಲ್ಯಾಗ ಹಗಲೂ ರಾತ್ರಿ ಓಡೋದಿದ್ರ, ಇಲ್ಲಾ ವಿಡಿಯೋ ಕೆಲಸ ಇದ್ರ ಮಾತ್ರ ಗೋಲ್ಡ್‌ಗೆ ರೊಕ್ಕ ಹಾಕ್ರಿ.

ಏನೇ ತಂದ್ರೂ ಗ್ವಾಡಿಗೆ ಒತ್ತಿ ಇಡಬ್ಯಾಡ್ರಿ. ಸುರಪುರ ಕಡಿ ಹತ್ತಿ ಬಿಡಿಸೋ ದಿನದಾಗ ಜಾಳಗಿ ಜಾಸ್ತಿ ನೋಡಿ ಧೂಳ ಊದಸ್ರಿ, ಅದೂ ವೈರ್ ಕಿತ್ತು, ಹೊರಗಿಂದ. ಪೆಟಿಗಿ ಮಾತ್ರ ಬಿಚ್ಚಬ್ಯಾಡ್ರಿ. ಕರೆಂಟ್ ತಗದ್ರೂ ಒಳಗ ಶಾಕ್ ಹೊಡಿಯೋವಷ್ಟು ಉಳ್ಕೊಂಡಿರ್ತದ.