ಲೈಕ್‌ಗಾಗಿ ಕೀಟಗಳನ್ನು ಫ್ರಿಜ್‌ಗೆ ಹಾಕಬೇಡಿ

ಮೊಬೈಲ್‌ಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಈಗ ಕೆಲವು ನೂರು ರೂಪಾಯಿಗೇ ಸಿಗುತ್ತದೆ. ಹಾಗಾಗಿ ಕಾಲೇಜು ಹುಡುಗ–ಹುಡುಗಿಯರ ಇನ್‌ಸ್ಟಾಗ್ರಾಂನಲ್ಲಿ ಇರುವೆ, ಜೇಡ, ನೊಣಗಳ ಮುಖಗಳೂ ರಾರಾಜಿಸುತ್ತಿವೆ. ಹವ್ಯಾಸ ಚೆನ್ನಾಗಿದೆ. ಇದರ ಹಿಂದೆಯೇ ಒಂದು ಕೆಟ್ಟ ಚಾಳಿಯೂ ಬಂದಿದೆ. ಕೀಟವನ್ನು ಡಬ್ಬಿಯಲ್ಲಿ ಹಿಡಿದು, ಫ್ರಿಜ್‌ನಲ್ಲಿಟ್ಟು ಮರಗಟ್ಟಿಸಿ, ಬೇಕಾದ ಹೂವಿನ ಮೇಲೆ ಕೂರಿಸಿ ಕ್ಲಿಕ್ಕಿಸುವುದು! ಕೆಲವರು ಕಾಲಿಗೆ ಅಂಟು ಹಚ್ಚುವುದೂ ಉಂಟು.

ಯಾಕೆ ಹೀಗೆ? ಅಷ್ಟು ಹತ್ತಿರದಿಂದ ಫೋಟೊ ತೆಗೆಯುವಾಗ ಫೋಕಸ್ ಆಗುವುದು ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ಮಾತ್ರ. ಕಣ್ಣು ಸ್ಪಷ್ಟವಾದರೆ ರೆಕ್ಕೆ ಮಸುಕು. ಇಡೀ ಕೀಟ ಸ್ಪಷ್ಟವಾಗಿ ಕಾಣಬೇಕೆಂದರೆ ಫೋಕಸ್ ಚೂರು ಚೂರೇ ಸರಿಸುತ್ತ ಹತ್ತಾರು ಫೋಟೊ ತೆಗೆದು ಜೋಡಿಸಬೇಕು. ಇದೇ ಫೋಕಸ್ ಸ್ಟ್ಯಾಕಿಂಗ್. ಅಲ್ಲಿಯವರೆಗೆ ಕೀಟ ಅಲುಗಾಡಬಾರದು. ಕಾಯುವ ತಾಳ್ಮೆ ಇಲ್ಲದವರಿಗೆ ಫ್ರಿಜ್ ನೆನಪಾಗುತ್ತದೆ.

ಹೀಗೆ ಮಾಡಿದರೆ ಏನು ಕಳೆದುಕೊಳ್ಳುತ್ತೇವೆ ಎಂಬುದಕ್ಕೆ ಹೋವರ್‌ಫ್ಲೈ ಒಳ್ಳೆಯ ಉದಾಹರಣೆ. ತುಳಸಿ, ಕೊತ್ತಂಬರಿ ಹೂಗಳ ಮುಂದೆ ಹೆಲಿಕಾಪ್ಟರ್‌ನಂತೆ ಗಾಳಿಯಲ್ಲೇ ನಿಲ್ಲುವ, ಹಳದಿ–ಕಪ್ಪು ಪಟ್ಟೆಯ ಪುಟ್ಟ ಜೀವಿ ಇದು. ಜೇನೆಂದು ಹೆದರುವವರೇ ಜಾಸ್ತಿ. ಇದು ನೊಣ, ಕುಟುಕುವುದಿಲ್ಲ. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಉಳಿದೆರಡರ ಜಾಗದಲ್ಲಿ ಗುಂಡುಸೂಜಿಯಂಥ ಹಾಲ್ಟೇರ್‌ಗಳಿವೆ. ಹಾರುವಾಗ ಇವು ಕಂಪಿಸುತ್ತ, ದೇಹ ಯಾವ ಕಡೆ ತಿರುಗಿತು ಎಂದು ತಿಳಿಸುತ್ತವೆ. ನಮ್ಮ ಮೊಬೈಲ್‌ನೊಳಗಿನ ಗೈರೊಸ್ಕೋಪ್ ಚಿಪ್ ಕೆಲಸ ಮಾಡುವುದೂ ಇದೇ ಕೊರಿಯೋಲಿಸ್ ತತ್ವದ ಮೇಲೆ. ಎಂಜಿನಿಯರಿಂಗ್ ಓದುವ ನನಗೆ ಇದಕ್ಕಿಂತ ಒಳ್ಳೆಯ ಮಾಡೆಲ್ ಲ್ಯಾಬ್‌ನಲ್ಲೂ ಕಂಡಿಲ್ಲ. ಫ್ರಿಜ್‌ನಿಂದ ಹೊರಬಂದ ನೊಣದಲ್ಲಿ ಈ ಹಾರಾಟವೇ ಇರುವುದಿಲ್ಲ.

ಇನ್ನೊಂದು ಸಂಗತಿ. ಹಲವು ಜಾತಿಯ ಹೋವರ್‌ಫ್ಲೈಗಳು ಸಸ್ಯಹೇನು ಮುತ್ತಿದ ಚಿಗುರು ಹುಡುಕಿ ಮೊಟ್ಟೆ ಇಡುತ್ತವೆ. ಒಂದೊಂದು ಮರಿಹುಳವೂ ಬೆಳೆಯುವಷ್ಟರಲ್ಲಿ ನೂರಾರು ಹೇನುಗಳನ್ನು ತಿಂದು ಮುಗಿಸುತ್ತದೆ. ಹುಳ ಕಂಡ ಕೂಡಲೇ ಔಷಧಿ ಹೊಡೆಯುವವರು ಈ ಸಹಾಯಕನನ್ನೂ ಕೊಲ್ಲುತ್ತಾರೆ. ಅವರೆ ಬಳ್ಳಿಯ ಮೇಲೆ ಹೇನು ತಿನ್ನುತ್ತಿರುವ ಮರಿಹುಳದ ಒಂದು ಮಸುಕು ಫೋಟೊ ತೋರಿಸಿದರೂ ಮನೆಯವರ ಕೈಯಲ್ಲಿನ ಸ್ಪ್ರೇ ಕೆಳಗಿಳಿದೀತು.

‘ಒಂದು ನೊಣಕ್ಕೆ ಇಷ್ಟೆಲ್ಲ ಯಾಕಪ್ಪಾ? ಸೊಳ್ಳೆ ಬ್ಯಾಟ್ ಬಳಸಲ್ವಾ?’ ಎನ್ನಬಹುದು. ಸಂಶೋಧಕರೂ ಕೀಟಗಳನ್ನು ಸಂಗ್ರಹಿಸುತ್ತಾರೆ, ನಿಜ. ಅವರು ಎಲ್ಲಿ, ಯಾವಾಗ ಸಿಕ್ಕಿತೆಂದು ಚೀಟಿ ಅಂಟಿಸುತ್ತಾರೆ. ನಾವು ಗುಲಾಬಿ ಮೇಲೆ ಕೂರಿಸಿ, ‘ಪ್ರಕೃತಿಯ ಸೊಬಗು’ ಎಂದು ಬರೆಯುತ್ತೇವೆ. ನನ್ನ ತಕರಾರು ಈ ಸುಳ್ಳಿನ ಬಗ್ಗೆ. ಐ–ನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ತಾಣಗಳಿಗೆ ಯಾರು ಬೇಕಾದರೂ ಫೋಟೊ ಹಾಕಬಹುದು. ಅಲ್ಲಿ ಬೆಲೆ ಇರುವುದು ನಿಜವಾದ ದಿನಾಂಕ, ಜಾಗ ಮತ್ತು ಗಿಡಕ್ಕೆ.

ಫ್ರಿಜ್ ಇಲ್ಲದೆಯೂ ಒಳ್ಳೆಯ ಚಿತ್ರ ಸಿಗುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ, ಆಗ ಕೀಟಗಳು ತಾವಾಗಿಯೇ ನಿಧಾನ. ಮೇಲೆ ನೆರಳು ಬೀಳದಂತೆ ಕೂತು, ಒಂದೇ ಹೂವಿನ ಮುಂದೆ ಕಾಯಿರಿ. ಬರ್ಸ್ಟ್ ಮೋಡ್‌ನಲ್ಲಿ ಮೂವತ್ತು ತೆಗೆದರೆ ಒಂದಾದರೂ ಚೆನ್ನಾಗಿ ಬರುತ್ತದೆ.

ಕಾಲೇಜು ಫೆಸ್ಟ್‌ಗಳ ಫೋಟೊ ಸ್ಪರ್ಧೆ ನಡೆಸುವ ಗೆಳೆಯರಿಗೆ ನನ್ನದೊಂದೇ ಮನವಿ: ‘ಹಿಡಿದು ತಣ್ಣಗಾಗಿಸಿದ ಕೀಟಗಳ ಚಿತ್ರಕ್ಕೆ ಪ್ರವೇಶವಿಲ್ಲ’ ಎಂಬ ಒಂದು ಸಾಲನ್ನು ಈ ವರ್ಷವೇ ನಿಯಮಗಳಲ್ಲಿ ಸೇರಿಸಿ.