ಗಳಗನಾಥರ ಪುಸ್ತಕದ ಗಂಟು

ಕಾದಂಬರಿ ಬರೆಯಬೇಕೆಂಬ ಆಸೆ ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಗುಟ್ಟಾಗಿ ಬೆಳೆಯುವ ಆಸೆ. ಹಾಡುವ ಮಗಳಿಗೆ ಸಂಗೀತದ ಮಾಸ್ತರರನ್ನು ಗೊತ್ತುಮಾಡುವ ತಂದೆ, ಬರೆಯುವ ಮಗನಿಗೆ ಗುರುವನ್ನು ಹುಡುಕುವುದಿಲ್ಲ. ಹುಡುಕಿದರೂ ಸಿಕ್ಕುವ ಭರವಸೆಯಿಲ್ಲ. ವೀಣೆಗೆ ಪಾಠವುಂಟು, ಚಿತ್ರಕ್ಕೆ ಶಾಲೆಯುಂಟು. ಕಾದಂಬರಿಗೆ ಮಾತ್ರ ‘ಬಂದರೆ ಬಂದೀತು, ಬಾರದಿದ್ದರೆ ಇಲ್ಲ’ ಎಂಬ ಒಂದೇ ಸಮಾಧಾನ. ಧಾರವಾಡ, ಮೈಸೂರು, ಬೆಂಗಳೂರುಗಳಲ್ಲಾದರೆ ಸಾಹಿತಿಗಳ ಸಹವಾಸವಾದರೂ ದೊರೆತೀತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಂಥ ವ್ಯಾಪಾರದ ಊರುಗಳಲ್ಲಿ ಹುಟ್ಟಿದ ತರುಣನು ಯಾರನ್ನು ಕೇಳಬೇಕು? ಕೇಳಿ ನಗೆಗೀಡಾಗುವುದಕ್ಕಿಂತ ಬರೆದುದನ್ನು ಟ್ರಂಕಿನ ತಳದಲ್ಲಿ ಇಡುವುದೇ ಲೇಸೆಂದು ಅವನು ಸುಮ್ಮನಾಗುತ್ತಾನೆ. ಹೀಗೆ ಎಷ್ಟು ಕಾದಂಬರಿಗಳು ಮೊದಲ ಅಧ್ಯಾಯದಲ್ಲಿಯೇ ಮುಗಿದುಹೋಗಿವೆಯೋ ಬಲ್ಲವರಾರು?

ಈ ತರುಣನ ಪ್ರಶ್ನೆಗೆ ಉತ್ತರ ಹೇಳಬಲ್ಲ ಹಿರಿಯರೊಬ್ಬರು ಅವನ ಸೀಮೆಯಲ್ಲಿಯೇ ಆಗಿಹೋಗಿದ್ದಾರೆ. ವರದಾ ನದಿಯು ತುಂಗಭದ್ರೆಯನ್ನು ಕೂಡುವೆಡೆ, ಹಾವೇರಿ ತಾಲೂಕಿನಲ್ಲಿ, ಗಳಗೇಶ್ವರನ ಪ್ರಾಚೀನ ದೇವಾಲಯವುಳ್ಳ ಗಳಗನಾಥವೆಂಬ ಹಳ್ಳಿಯುಂಟು. ಆ ಊರ ಹೆಸರನ್ನೇ ತಮ್ಮ ಕಾವ್ಯನಾಮವಾಗಿ ಮಾಡಿಕೊಂಡವರು ವೆಂಕಟೇಶ ತಿರಕೋ ಕುಲಕರ್ಣಿಯವರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಇವರನ್ನು ಕನ್ನಡ ಕಾದಂಬರಿಯ ಪಿತಾಮಹರೆಂದು ನಾಡು ಗೌರವಿಸಿತು. ಆದರೆ ಬಿರುದು ದೊರೆಯುವುದು ಕೊನೆಯಲ್ಲಿ. ಕಲಿಯುವವನಿಗೆ ಬೇಕಾದುದು ಮೊದಲಿನ ಕಥೆ.

ಗಳಗನಾಥರ ಮೊದಲಿನಲ್ಲಿ ಅದ್ಭುತವೆನ್ನುವಂಥದು ಏನೂ ಇಲ್ಲ. ಕುಲಕರ್ಣಿಕೆಯ ಮನೆತನ, ಶಾಲಾಮಾಸ್ತರಿಕೆಯ ಉದ್ಯೋಗ, ಮುಂಬಯಿ ಇಲಾಖೆಗೆ ಸೇರಿದ ಕನ್ನಡ ಸೀಮೆ. ಆ ಕಾಲದಲ್ಲಿ ಇಲ್ಲಿ ಓದುಬರಹ ಬಲ್ಲವರ ಮೇಲೆ ಮರಾಠಿಯ ಪ್ರಭಾವ ಬಲವಾಗಿತ್ತು. ಕನ್ನಡದ ಏಳಿಗೆಗೆಂದು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೇ 1890ರಲ್ಲಿ. ಓದಬೇಕೆಂಬವರಿಗೆ ಕನ್ನಡದಲ್ಲಿ ಹೊಸ ಬಗೆಯ ಕಥೆಗಳು ವಿರಳ. ಬರೆಯಬೇಕೆಂಬವರಿಗೆ ಮಾದರಿಗಳು ಇನ್ನೂ ವಿರಳ. ಇಂಥ ಸ್ಥಿತಿಯಲ್ಲಿ ಬರೆದ ‘ಪ್ರಬುದ್ಧ ಪದ್ಮನಯನೆ’ಗೆ 1898ರಲ್ಲಿ ಅದೇ ಸಂಘದ ಬಹುಮಾನ ಬಂದಿತು. ಹೊಸ ಲೇಖಕನೊಬ್ಬನ ಹಸ್ತಪ್ರತಿಯನ್ನು ಓದಿ ನೋಡುವ ಒಂದು ಸಂಸ್ಥೆ ಇದ್ದರೆ ಎಷ್ಟು ಉಪಕಾರವಾದೀತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಅವರು ಕಾದಂಬರಿಯ ಕಟ್ಟಡವನ್ನು ಕಲಿತದ್ದು ಎಲ್ಲಿ? ಪುಣೆಯ ಹರಿ ನಾರಾಯಣ ಆಪಟೆಯವರಲ್ಲಿ; ಎಂದರೆ ಅವರ ಪುಸ್ತಕಗಳಲ್ಲಿ. ಆಪಟೆಯವರು ಗಳಗನಾಥರಿಗಿಂತ ಐದೇ ವರ್ಷಕ್ಕೆ ಹಿರಿಯರು. 1890ರಿಂದ ‘ಕರಮಣೂಕ’ವೆಂಬ ವಾರಪತ್ರಿಕೆಯನ್ನು ನಡೆಸಿ, ತಮ್ಮ ಕಾದಂಬರಿಗಳನ್ನು ಅದರಲ್ಲಿ ಧಾರಾವಾಹಿಯಾಗಿ ಬರೆದು ಮರಾಠಿ ಮನೆಗಳನ್ನೆಲ್ಲ ಸೆರೆಹಿಡಿದವರು. ಗಳಗನಾಥರು ಅವರ ಐತಿಹಾಸಿಕ ಕಾದಂಬರಿಗಳನ್ನು ಒಂದಾದ ಮೇಲೊಂದರಂತೆ ಕನ್ನಡಕ್ಕೆ ತಂದರು. ಮರಾಠಿಯ ಭಾರವನ್ನು ದೂರುತ್ತ ಕುಳಿತವರು ಆಗ ಹಲವರಿದ್ದಿರಬಹುದು; ಗಳಗನಾಥರು ಆ ಭಾರವನ್ನೇ ತಮ್ಮ ಪಾಠಶಾಲೆಯಾಗಿ ಮಾಡಿಕೊಂಡರು. ಅತ್ತ ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯ ಬಂಕಿಮಚಂದ್ರರನ್ನು ಕನ್ನಡಿಸುತ್ತ ಇದೇ ಕಾರ್ಯವನ್ನು ಮಾಡುತ್ತಿದ್ದರು. ‘ಕಾದಂಬರಿ’ ಎಂಬ ಹೆಸರಾದರೂ ಎಲ್ಲಿಯದು? ಬಂಗಾಳಿ ಹಿಂದಿಗಳಲ್ಲಿ ‘ಉಪನ್ಯಾಸ’ವೆನಿಸಿಕೊಂಡುದು ಮರಾಠಿ ಕನ್ನಡಗಳಲ್ಲಿ ಬಾಣಭಟ್ಟನ ಕೃತಿಯ ಹೆಸರನ್ನೇ ಹೊತ್ತುಕೊಂಡಿತು. ಆ ಬಾಣನ ಕೃತಿಯನ್ನು ಸುಮಾರು ಸಾವಿರ ವರ್ಷಗಳ ಹಿಂದೆಯೇ ನಾಗವರ್ಮನು ಕನ್ನಡಿಸಿದ್ದನು. ಕನ್ನಡದಲ್ಲಿ ಕಥೆ ಹೇಳುವವರು ಅನುವಾದದ ಬಾಗಿಲಿನಿಂದ ಒಳಗೆ ಬಂದುದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ಅನುವಾದವು ಕಲಿಸುವ ಪಾಠವನ್ನು ಬರಿಯ ಓದು ಕಲಿಸಲಾರದು. ಓದುವವನು ಬೇಸರವಾದ ಪುಟವನ್ನು ಹಾರಿಸಬಹುದು. ಅನುವಾದಿಸುವವನಿಗೆ ಹಾರಿಸುವ ಹಕ್ಕಿಲ್ಲ. ಅಧ್ಯಾಯವನ್ನು ಎಲ್ಲಿ ನಿಲ್ಲಿಸಿದರೆ ಮುಂದಿನ ವಾರದವರೆಗೂ ವಾಚಕನು ಕಾದಾನು, ಹೊಸ ಪಾತ್ರವನ್ನು ಎಷ್ಟು ಮಾತಿನಲ್ಲಿ ಪರಿಚಯಿಸಬೇಕು, ವರ್ಣನೆ ಎಲ್ಲಿ ಮುಗಿದು ಸಂಭಾಷಣೆ ಎಲ್ಲಿ ಮೊದಲಾಗಬೇಕು ಎಂಬುವನ್ನೆಲ್ಲ ಅವನ ಕೈಯೇ ಕಲಿಯುತ್ತದೆ. ಆದರೆ ಗುರುಮನೆಯಲ್ಲಿಯೇ ಮುದುಕನಾಗುವ ಶಿಷ್ಯನಿಂದ ಗುರುವಿಗೂ ಕೀರ್ತಿಯಿಲ್ಲ. ಗಳಗನಾಥರು ಅಲ್ಲಿಂದ ಹೊರಬಿದ್ದು, ವಿದ್ಯಾರಣ್ಯರನ್ನೂ ವಿಜಯನಗರದ ಸ್ಥಾಪನೆಯನ್ನೂ ವಸ್ತುವಾಗುಳ್ಳ ‘ಮಾಧವ ಕರುಣಾ ವಿಲಾಸ’ವನ್ನು 1923ರಲ್ಲಿ ಸ್ವತಂತ್ರವಾಗಿ ಕೊಟ್ಟರು. ಮೊದಲ ಕಾದಂಬರಿಗೂ ಇದಕ್ಕೂ ನಡುವೆ 25 ವರ್ಷಗಳು ಸಂದಿದ್ದವು. ಆರು ತಿಂಗಳಲ್ಲಿ ಕೀರ್ತಿ ಬರಲಿಲ್ಲವೆಂದು ಲೇಖನಿಯನ್ನು ಕೆಳಗಿಡುವವರು ಈ ಲೆಕ್ಕವನ್ನು ನೆನಪಿನಲ್ಲಿಡಬೇಕು.

ಅವರ ಎರಡನೆಯ ಪಾಠಶಾಲೆ ಹಾವೇರಿಗೆ ಸಮೀಪದ ಅಗಡಿಯ ಆನಂದವನ. ಅಲ್ಲಿಂದ 1907ರಲ್ಲಿ ಹೊರಡತೊಡಗಿದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಹೊಣೆಯನ್ನು ಅವರು ಹೊತ್ತರು. ಪತ್ರಿಕೆಯ ತಾರೀಖು ಲೇಖಕನ ಸೋಮಾರಿತನವನ್ನು ಕ್ಷಮಿಸುವುದಿಲ್ಲ. ಸ್ಫೂರ್ತಿ ಬಂದಿತೇ ಎಂದು ಅಚ್ಚಿನ ಮನೆಯವನು ಕೇಳುವುದಿಲ್ಲ. ಮೂರನೆಯ ಪಾಠಶಾಲೆ ಬೀದಿ. ತಮ್ಮ ಪುಸ್ತಕಗಳನ್ನು ಗಂಟು ಕಟ್ಟಿ ತಲೆಯ ಮೇಲೆ ಹೊತ್ತು, ಊರೂರು ಅಲೆದು, ಮನೆಮನೆಯ ಬಾಗಿಲಿಗೆ ಹೋಗಿ ಅವರು ಮಾರಿದರು. ಈ ಸಂಗತಿಯನ್ನು ನಮ್ಮವರು ಮರುಕದಿಂದ ಹೇಳುವುದುಂಟು. ಮರುಕ ಸಹಜವೇ, ಆ ಗಂಟು ಅವರಿಗೆ ಸಿರಿಯನ್ನು ತಂದುಕೊಡಲಿಲ್ಲ. ಆದರೆ ತನ್ನ ಪುಸ್ತಕವನ್ನು ಕೊಳ್ಳುವವನ ಮುಖವನ್ನು, ‘ಬೇಡ’ವೆನ್ನುವವನ ಮುಖವನ್ನು ಅವರಷ್ಟು ಹತ್ತಿರದಿಂದ ಕಂಡ ಲೇಖಕರು ಎಷ್ಟು ಮಂದಿ? ಕನ್ನಡದ ಮನೆಗಳಿಗೆ ಕಾದಂಬರಿಯ ರುಚಿ ಹತ್ತಿದ್ದು ಇಂಥ ಹೆಜ್ಜೆಗಳಿಂದ. ಇಂದು ಈ ವಾರಪತ್ರಿಕೆಯ ಧಾರಾವಾಹಿಗಾಗಿ ಮನೆಯವರೆಲ್ಲ ಕಾಯುತ್ತಿದ್ದರೆ, ಆ ಋಣದಲ್ಲಿ ಗಳಗನಾಥರದೂ ಒಂದು ಪಾಲುಂಟು.

ಇಷ್ಟಾದರೂ ಅವರು ಮುಂದಿನವರಿಗೆ ಬಿಟ್ಟುಹೋದ ಕೆಲಸ ಸಣ್ಣದಲ್ಲ. ಅವರ ಮನಸ್ಸು ಹೆಚ್ಚಾಗಿ ಒಲಿದುದು ಚರಿತ್ರೆ ಪುರಾಣಗಳಿಗೆ. ಕಣ್ಣೆದುರಿನ ಬದುಕನ್ನು ಕಾದಂಬರಿಗೆ ತರುವ ದಾರಿಯನ್ನು 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’, 1915ರಲ್ಲಿ ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ ತೋರಿಸಿದವು. ಹಾವೇರಿಯ ಪೇಟೆ, ರಾಣೆಬೆನ್ನೂರಿನ ಹೊಲ, ಬ್ಯಾಡಗಿಯ ಮಾರುಕಟ್ಟೆಗಳು ಇಂದಿಗೂ ತಮ್ಮ ಕಾದಂಬರಿಕಾರರನ್ನು ಎದುರುನೋಡುತ್ತಿವೆ.

ಬ್ಯಾಡಗಿಯ ಮೆಣಸಿನಕಾಯಿಯನ್ನು ಅರಿಯದವರಿಲ್ಲ. ಡಬ್ಬಿ, ಕಡ್ಡಿ ಎಂಬ ತಳಿಗಳು. ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. (ಬಣ್ಣ ಹೆಚ್ಚಾಗಿ ಖಾರ ಕಡಿಮೆಯಾಗುವುದು ಮೆಣಸಿನಕಾಯಿಗೆ ಗುಣ, ಹೊಸಬರ ಗದ್ಯಕ್ಕೆ ಅದೇ ದೋಷ.) 2024ರ ಮಾರ್ಚಿಯಲ್ಲಿ ಬೆಲೆ ಕುಸಿದಾಗ ಅದೇ ಮಾರುಕಟ್ಟೆಯ ಆವರಣದಲ್ಲಿ ರೈತರ ಸಿಟ್ಟು ಭುಗಿಲೆದ್ದು ವಾಹನಗಳು ಸುಟ್ಟುಹೋದವು. ಅದಕ್ಕೂ ಮೊದಲು, 2008ರ ಜೂನ್ 10ರಂದು, ಹಾವೇರಿಯಲ್ಲಿ ರಸಗೊಬ್ಬರ ಬೇಕೆಂದು ಬೀದಿಗಿಳಿದ ರೈತರ ಮೇಲೆ ಗೋಲೀಬಾರಾಗಿ ಇಬ್ಬರು ಪ್ರಾಣ ನೀಗಿದ್ದರು. ದಿನಪತ್ರಿಕೆಗಳು ಇವನ್ನು ಬರೆದವು; ಮರುವಾರ ಬೇರೆ ಸುದ್ದಿ ಬಂದಿತು. ಕಾದಂಬರಿಯ ಕೆಲಸ ಮೊದಲಾಗುವುದು ಸುದ್ದಿಯ ಕೆಲಸ ಮುಗಿದ ಮೇಲೆ. ಗೊಬ್ಬರದ ಚೀಲ ಬಂದೀತೆಂದು ಕಾದ ಮನೆಯಲ್ಲಿ ಆ ರಾತ್ರಿ ಒಲೆ ಹೊತ್ತಿತೇ? ಬೀಜಕ್ಕಾಗಿ ಒತ್ತೆಯಿಟ್ಟ ಬಳೆ ಯಾರ ಕೈಯದು? ಮೆಣಸಿನಕಾಯಿಯ ಬೆಲೆಯನ್ನೇ ನಂಬಿ ನಿಶ್ಚಯಿಸಿದ ಮದುವೆಯ ಗತಿಯೇನಾಯಿತು? ಈ ಪ್ರಶ್ನೆಗಳನ್ನು ಕೇಳಬಲ್ಲವನು ಕಾದಂಬರಿಯ ಹೊಸ್ತಿಲನ್ನು ದಾಟಿದವನು.

ರಾಣೆಬೆನ್ನೂರಿನ ಸುತ್ತಲಿನ ಹೊಲಗಳು ಮತ್ತೊಂದು ಪಾಠವನ್ನು ಹೇಳುತ್ತವೆ. ಅಲ್ಲಿ ಸಂಕರ ಬೀಜದ ಬೆಳೆ ದೊಡ್ಡ ಉದ್ಯೋಗ. ಸಂಜೆ ಮೊಗ್ಗನ್ನು ಬಿಡಿಸಿ ಗಂಡು ಭಾಗವನ್ನು ತೆಗೆಯುವುದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಮುಟ್ಟಿಸುವುದು. ಹೀಗೆ ಒಂದೊಂದು ಹೂವಿಗೂ ಕೈಯಿಂದಲೇ ಕೆಲಸ. ಕಾದಂಬರಿಯೂ ಹೀಗೆಯೇ, ಹೂವಿನಿಂದ ಹೂವಿಗೆ ನಡೆಯಬೇಕಾದ ದುಡಿಮೆ. ದಿನಕ್ಕೆ ಒಂದೇ ಪುಟ ಬರೆದರೂ ವರ್ಷಕ್ಕೆ 365 ಪುಟಗಳಾಗುತ್ತವೆ. ಅದರಲ್ಲಿ ನೂರನ್ನು ಹರಿದೊಗೆದರೂ ಒಂದು ಕಾದಂಬರಿ ಉಳಿಯುತ್ತದೆ.

ಇನ್ನು ಸಹಾಯಕ್ಕೆ ಬರುವ ಪುಸ್ತಕಗಳ ಮಾತು. ಇಂಗ್ಲಿಷ್ ಬಲ್ಲವರಿಗೆ ಇ. ಎಂ. ಫಾರ್ಸ್ಟರರ ‘ಆಸ್ಪೆಕ್ಟ್ಸ್ ಆಫ್ ದಿ ನಾವೆಲ್’ ಒಳ್ಳೆಯ ಜೊತೆ. ಕೇಂಬ್ರಿಜ್ಜಿನಲ್ಲಿ ಕೊಟ್ಟ ಉಪನ್ಯಾಸಗಳು 1927ರಲ್ಲಿ ಈ ಪುಸ್ತಕವಾದವು. ‘ಆಮೇಲೆ ಏನಾಯಿತು’ ಎಂಬುದು ಕಥೆ, ‘ಏಕೆ ಹಾಗಾಯಿತು’ ಎಂಬುದು ಸಂವಿಧಾನ ಎಂಬ ಭೇದವನ್ನು ಅಲ್ಲಿ ಕಲಿಯಬಹುದು. ಕನ್ನಡದಲ್ಲಿ ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’, ಅ. ನ. ಕೃಷ್ಣರಾಯರ ‘ಬರಹಗಾರನ ಬದುಕು’, ಎಸ್. ಎಲ್. ಭೈರಪ್ಪನವರ ‘ನಾನೇಕೆ ಬರೆಯುತ್ತೇನೆ’ ಇವು ಕಾದಂಬರಿಕಾರರೇ ತಮ್ಮ ಬಾಳುಬರಹಗಳನ್ನು ಕುರಿತು ಹೇಳಿಕೊಂಡ ಪುಸ್ತಕಗಳು. ಕನ್ನಡ ಸಾಹಿತ್ಯ ನಡೆದುಬಂದ ಬಗೆಯನ್ನು ಅರಿಯಲು ಗದುಗಿನ ಕೀರ್ತಿನಾಥ ಕುರ್ತಕೋಟಿಯವರ ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ವನ್ನು ಓದಬೇಕು. ಆದರೆ ಶಾಸ್ತ್ರ ಓದಿ ಈಜು ಕಲಿತವರಿಲ್ಲ. ತನಗೆ ಪ್ರಿಯವಾದ ಒಂದೇ ಕಾದಂಬರಿಯನ್ನು ಮೂರು ಸಲ ಓದುವುದು ಹತ್ತು ಲಕ್ಷಣಗ್ರಂಥಗಳಿಗೆ ಸಮ: ಮೊದಲು ಸಂತೋಷಕ್ಕೆ, ಎರಡನೆಯದಾಗಿ ಪ್ರತಿ ಅಧ್ಯಾಯದಲ್ಲಿ ನಡೆದುದನ್ನು ಎರಡೆರಡು ಸಾಲಿನಲ್ಲಿ ಬರೆದುಕೊಳ್ಳುವುದಕ್ಕೆ, ಮೂರನೆಯದಾಗಿ ಲೇಖಕನು ಏನನ್ನು ಹೇಳದೆ ಬಿಟ್ಟನೆಂಬುದನ್ನು ಕಂಡುಕೊಳ್ಳುವುದಕ್ಕೆ.

ಮಾತುಕತೆಯ ಪಾಠವನ್ನಂತೂ ಪೇಟೆಯಲ್ಲಿ ನಿಂತೇ ಕಲಿಯಬೇಕು. ‘ತಾವು ಯಾವಾಗ ಆಗಮಿಸಿದಿರಿ?’ ಎಂದು ಬ್ಯಾಡಗಿಯ ದಲಾಲರು ಯಾರನ್ನೂ ಕೇಳುವುದಿಲ್ಲ. ‘ಯಾವಾಗ ಬಂದ್ರಿ ಗೌಡ್ರ, ಮಳಿ ಹೆಂಗೈತಿ ನಿಮ್ಮ ಕಡೆ?’ ಎಂದಾರು. ಆ ಒಂದು ಪ್ರಶ್ನೆಯಲ್ಲಿ ಮರ್ಯಾದೆಯುಂಟು, ವ್ಯಾಪಾರವುಂಟು, ಈ ವರ್ಷ ಸಾಲ ತೀರೀತೇ ಎಂಬ ಲೆಕ್ಕವೂ ಉಂಟು. ಇದನ್ನು ಪುಸ್ತಕದ ಭಾಷೆಗೆ ತಿದ್ದಿದರೆ ಮಾತಿನ ಜೊತೆಗೆ ಮನುಷ್ಯನೂ ಸತ್ತುಹೋಗುತ್ತಾನೆ.

ವಯಸ್ಸು ಮೀರಿತೆಂದೂ ಓದು ಸಾಲದೆಂದೂ ಹಿಂಜರಿಯುವ ಗೃಹಿಣಿಯರಿಗೆ ಎಂ. ಕೆ. ಇಂದಿರಾ ಅವರ ಬಾಳೇ ಧೈರ್ಯವಚನ. 1917ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಮದುವೆಯಾಗಿ, ಶಾಲೆಯ ಓದನ್ನು ಅಲ್ಲಿಗೇ ನಿಲ್ಲಿಸಿದ ಅವರ ‘ತುಂಗಭದ್ರ’ ಕಾದಂಬರಿ 1963ರಲ್ಲಿ ಹೊರಬಂದಾಗ ಅವರಿಗೆ ನಲವತ್ತೈದು ಕಳೆದಿತ್ತು. ‘ಫಣಿಯಮ್ಮ’ ಬಂದುದು 1976ರಲ್ಲಿ. ಅಡುಗೆಮನೆಯಲ್ಲಿ, ಹಿತ್ತಿಲಲ್ಲಿ, ಹೆಂಗಸರ ಪಿಸುಮಾತಿನಲ್ಲಿ ಕೇಳಿಸಿಕೊಂಡುದೇ ಅವರ ವಿದ್ಯಾಪೀಠವಾಗಿತ್ತು.

1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಯಿತು. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವೂ ಅಲ್ಲಿ ಜರುಗಿತು. ಮಂಟಪ, ಮೆರವಣಿಗೆ, ಏಲಕ್ಕಿ ಹಾರಗಳಿಗೆ ಆ ಊರಿನಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಟ್ರಂಕಿನ ತಳದಲ್ಲಿರುವ ಹಸ್ತಪ್ರತಿಯನ್ನು ಕೇಳಿ ಪಡೆದು ಓದುವವರದು. ಪ್ರತಿ ಊರಿನಲ್ಲಿಯೂ ಒಬ್ಬ ಕನ್ನಡದ ಅಧ್ಯಾಪಕರು, ಒಬ್ಬ ಗ್ರಂಥಪಾಲಕರು, ಓದುವ ಹವ್ಯಾಸವುಳ್ಳ ನಾಲ್ವರು ತಾಯಂದಿರು ತಿಂಗಳಿಗೊಮ್ಮೆ ಕೂಡಿ, ಹೊಸ ಬರಹವೊಂದನ್ನು ಕೇಳಿ, ಎಲ್ಲಿ ಬೇಸರವಾಯಿತು, ಎಲ್ಲಿ ಕಣ್ಣು ತುಂಬಿತು ಎಂದು ಮುಚ್ಚುಮರೆಯಿಲ್ಲದೆ ಹೇಳಿದರೆ ಸಾಕು. ಅದಕ್ಕೆ ಸರಕಾರದ ಅಪ್ಪಣೆಯೂ ಬೇಡ, ವಂತಿಗೆಯೂ ಬೇಡ. ತಂದೆತಾಯಿಗಳು ಮಾಡಬೇಕಾದುದು ಇನ್ನೂ ಸುಲಭ: ಮಗನೋ ಮಗಳೋ ರಾತ್ರಿ ದೀಪದ ಕೆಳಗೆ ಬರೆಯುತ್ತ ಕುಳಿತಿದ್ದರೆ, ‘ಇದರಿಂದ ಏನು ಬರುತ್ತದೆ?’ ಎಂದು ಕೇಳುವುದಕ್ಕೆ ಮೊದಲು, ‘ಮುಂದೇನಾಯಿತು?’ ಎಂದು ಒಮ್ಮೆ ಕೇಳಿನೋಡಲಿ.