ಹುಟ್ಟಿದ ಮನೆ, ಕಟ್ಟುವ ಮನೆ

ಹೊಸ ಮನೆಗೆ ಪಾಯ ತೋಡುವ ಕಾಲದಲ್ಲಿ ಗಂಡಹೆಂಡಿರ ನಡುವೆ ಸಣ್ಣದೊಂದು ವಾಗ್ವಾದ ಏಳದ ಸಂಸಾರ ನಮ್ಮ ಸೀಮೆಯಲ್ಲಿ ಅಪರೂಪ. ಹಣದ ವಿಷಯವಾಗಿ ಏಳುವ ವಾದ ಬೇರೆ. ಒಲೆ ಯಾವ ದಿಕ್ಕಿಗಿರಬೇಕು, ಮುಂದೆ ಕಟ್ಟೆ ಬೇಕೋ ಬೇಡವೋ, ಮೆಟ್ಟಿಲು ಒಳಗಿರಬೇಕೋ ಹೊರಗಿರಬೇಕೋ ಎಂಬ ವಾದವನ್ನು ನಾನು ಹೇಳುತ್ತಿದ್ದೇನೆ. ಇಬ್ಬರೂ ವಾಸ್ತುವಿನ ಮಾತೆತ್ತುತ್ತಾರೆ. ಮೇಸ್ತ್ರಿಯನ್ನು ಸಾಕ್ಷಿಗೆ ಕರೆಯುತ್ತಾರೆ. ವಿಚಾರಿಸಿ ನೋಡಿದರೆ, ಒಬ್ಬರು ತಾವು ಬೆಳೆದ ಮನೆಯನ್ನೂ ಇನ್ನೊಬ್ಬರು ತಮ್ಮ ತವರನ್ನೂ ಅದೇ ನಿವೇಶನದ ಮೇಲೆ ಎಬ್ಬಿಸಲು ಹೆಣಗುತ್ತಿರುತ್ತಾರೆ.

ಆದವಾನಿ, ಆಲೂರು ಕಡೆಯ ಹಳೆಯ ಮನೆ ಹೇಗಿತ್ತೆಂದು ಹಿರಿಯ ವಾಚಕರಿಗೆ ಹೇಳಬೇಕಾದುದಿಲ್ಲ, ಕಿರಿಯರಿಗಾಗಿ ಬರೆಯುತ್ತೇನೆ. ಕಲ್ಲು ಮಣ್ಣುಗಳಿಂದ ಕಟ್ಟಿದ ಮೊಳದಗಲದ ಗೋಡೆ. ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯೋ ಬಂಡೆಯೋ, ಎಲ್ಲಕ್ಕೂ ಮೇಲೆ ಮಣ್ಣಿನ ಮುದ್ದೆ. ಮಳೆಗಾಲಕ್ಕೆ ಮುನ್ನ ಚೌಳುಮಣ್ಣು ತಂದು ಮಾಳಿಗೆಗೆ ಹರಡುತ್ತಿದ್ದರು. ನೆನೆದೊಡನೆ ಬಿಗಿದುಕೊಂಡು ನೀರನ್ನು ಕೆಳಗಿಳಿಯಗೊಡದ ಮಣ್ಣದು. ಬೆಳೆಗೆ ಬಾರದುದು ಮನೆಗೆ ಬಂದಿತು. ಮಳೆ ಕಡಿಮೆಯಾದ ಸೀಮೆಯಾದುದರಿಂದ ಇಳಿಜಾರು ಸೂರಿನ ಅವಶ್ಯಕತೆಯಿರಲಿಲ್ಲ. ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯಿಂದ. ಮೋಡ ಕವಿದರೆ ಅದಕ್ಕೆ ಕಲ್ಲು ಮುಚ್ಚಬೇಕು. ಯಾರು ಹತ್ತಬೇಕೆಂಬುದೇ ಮಕ್ಕಳ ಜಗಳ. ಬಾಗಿಲು ದಾಟಿದರೆ ಮೊದಲು ದನಗಳ ಗೋದಲಿ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಹಿಂದೆ ಅಡುಗೆಮನೆ. ಬಿಸಿಲು 40 ಡಿಗ್ರಿ ದಾಟಿದಾಗಲೂ ಹಗಲು ಒಳಗೆ ತಂಪು. ರಾತ್ರಿ ಮಾಳಿಗೆಯ ಮೇಲೆ ನಿದ್ರೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಆದರೆ ಸಿರುಗುಪ್ಪದ ಕಡೆಯ ಹಳೆಯ ಮಾಳಿಗೆಗೂ ಹೊಳಗುಂದದ ಹಳೆಯ ಮಾಳಿಗೆಗೂ ಗಡಿಯ ಗುರುತು ಹಚ್ಚುವುದು ಕಷ್ಟ. ತೆಲುಗರು ಅದನ್ನೇ ಮಿದ್ದೆ ಎನ್ನುತ್ತಾರೆ, ಅಷ್ಟೆ.

ಇಂಥ ಮನೆಯಲ್ಲಿ ಬೆಳೆದವರು ಬೆಂಗಳೂರಿನ ಬಾಡಿಗೆಯ ಮೂರನೆಯ ಅಂತಸ್ತಿನಲ್ಲಿ ಇಪ್ಪತ್ತು ವರ್ಷ ಬಾಳಿದ ಮೇಲೂ ನಿವೃತ್ತಿಯ ಹಣ ಕೈಗೆ ಬಂದೊಡನೆ ಹೊರಗಟ್ಟೆಯ ಮಾತನ್ನಾಡುತ್ತಾರೆ. ಫ್ರಾನ್ಸಿನ ತತ್ತ್ವಜ್ಞಾನಿ ಗಾಸ್ತೋ ಬಾಶ್ಲಾರ್ 1957ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಹುಟ್ಟಿದ ಮನೆಯು ಬುದ್ಧಿಯಲ್ಲಿ ಮಾತ್ರವಲ್ಲದೆ ದೇಹದ ಅಭ್ಯಾಸಗಳಲ್ಲಿಯೂ ಅಚ್ಚೊತ್ತಿರುತ್ತದೆಂದು ವಿವರಿಸಿದ್ದಾನೆ. ಅವನು ಹೆಚ್ಚಾಗಿ ಹೇಳುವುದು ಅಟ್ಟ ಮತ್ತು ನೆಲಮನೆಗಳ ಮಾತನ್ನು; ನಮ್ಮಲ್ಲಿ ನೆಲದಡಿ ಇದ್ದುದು ಜೋಳದ ಹಗೇವು. ಆದರೂ ಮಾತು ಒಪ್ಪತಕ್ಕದ್ದೇ. ಗಿಡ್ಡ ಬಾಗಿಲಿನ ಮನೆಯಲ್ಲಿ ಬೆಳೆದವರು ಏಳಡಿಯ ಬಾಗಿಲಲ್ಲೂ ತಲೆ ಬಗ್ಗಿಸುವುದನ್ನು ನೀವೂ ಕಂಡಿರಬಹುದು.

ಆದರೆ ನನ್ನ ಚಿಂತೆ ಹಿರಿಯರದಲ್ಲ. ಕಳೆದ ವರ್ಷ ಏಳನೆಯ ತರಗತಿಯ ಮಕ್ಕಳಿಗೆ, ದೊಡ್ಡವರಾದ ಮೇಲೆ ನೀವು ಕಟ್ಟಿಸುವ ಮನೆಯನ್ನು ಬರೆಯಿರಿ ಎಂದು ಹೇಳಿದೆನು. ಹೆಚ್ಚಿನವರು ಬರೆದದ್ದು ಇಳಿಜಾರು ಹೆಂಚಿನ ಮನೆ, ಹಿಂದೆ ಎರಡು ಬೆಟ್ಟ, ನಡುವೆ ಸೂರ್ಯ. ನಮ್ಮೂರಿನಲ್ಲಿ ಅಂಥ ಮನೆ ಒಂದೂ ಇಲ್ಲ. ಅದು ಪುಸ್ತಕದ ಚಿತ್ರದ ಮನೆ. ಕೆಲವರು ಮಾತ್ರ ಬೇರೆಯಾಗಿ ಬರೆದಿದ್ದರು. ಅವರೆಲ್ಲ ಸುಗ್ಗಿಗೆ ಹೋಗಿ ಬಂದ ಮಕ್ಕಳು.

ಆದವಾನಿ, ಕೋಸಿಗಿ, ಕೌತಾಳ, ಮಂತ್ರಾಲಯದ ಹಳ್ಳಿಗಳಿಂದ ಬೆಳೆ ಕೈಕೊಟ್ಟ ವರ್ಷ ಎಷ್ಟು ಕುಟುಂಬಗಳು ಗುಂಟೂರಿನ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡಲು ಹೋಗುತ್ತವೆಂಬುದನ್ನು ನಮ್ಮ ಶಾಲೆಗಳ ಹಾಜರಿ ಪುಸ್ತಕಗಳೇ ಹೇಳುತ್ತವೆ. ಮಕ್ಕಳಿಗೆಂದು ಸರ್ಕಾರವು ಋತುಕಾಲದ ವಸತಿಗಳನ್ನು ತೆರೆದಿದೆ. ಅಜ್ಜಿಯಿಲ್ಲದ ಮನೆಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ತಂದೆತಾಯಿಗಳೊಡನೆಯೇ ಹೋಗುವುದುಂಟು. ಹೊಲದಂಚಿನಲ್ಲಿ ನಾಲ್ಕು ಕೋಲು, ಮೇಲೊಂದು ತಾಡಪಾಲು. ಬೆಂಗಳೂರಿನಲ್ಲಾದರೆ, ತಂದೆ ಕಟ್ಟುತ್ತಿರುವ ಹತ್ತು ಅಂತಸ್ತಿನ ಮನೆಯ ಬುಡದಲ್ಲಿ ತಗಡಿನ ಶೆಡ್ಡು. ಈ ಮಕ್ಕಳ ಬಾಲ್ಯದ ಮನೆ ಯಾವುದು?

ಅವರಲ್ಲೊಬ್ಬಳು ಹಾಳೆಯ ತುಂಬ ಒಂದು ಬಾಗಿಲನ್ನೇ ಬರೆದಿದ್ದಳು. ಚಿಲಕ, ಅಗುಳಿ, ಮೇಲೊಂದು ಬೀಗ, ಎಲ್ಲವೂ ಸ್ಪಷ್ಟವಾಗಿದ್ದವು. ಕಿಟಕಿ ಎಲ್ಲಿ ತಾಯಿ ಎಂದೆ. “ಕಿಟಕಿ ಆಮ್ಯಾಲೆ ಇಡಿಸ್ತೀನಿ ಸಾರ್, ಮದ್ಲು ಬಾಗ್ಲು” ಎಂದಳು. ತಾಡಪಾಲಿಗೆ ಬಾಗಿಲಿರುವುದಿಲ್ಲವಷ್ಟೆ.

ಈ ಹುಡುಗಿಯ ಮನೆಯವರಿಗೆ 2020ರ ಡಿಸೆಂಬರಿನಲ್ಲಿ ಆರಂಭವಾದ ಯೋಜನೆಯಂತೆ ಒಂದೂವರೆ ಸೆಂಟು, ಅಂದರೆ ಸುಮಾರು 650 ಚದರಡಿ ನಿವೇಶನ ದೊರೆತಿದೆ. ಗೋದಲಿಗೆ ಸ್ಥಳವಿಲ್ಲವೆಂದು ಅಜ್ಜಿಗೆ ಅಸಮಾಧಾನ. ಎತ್ತುಗಳನ್ನು ಮಾರಿ ಆರು ವರ್ಷವಾಯಿತೆಂದು ಮಗ ಹೇಳಿದರೂ ಆಕೆ ಒಪ್ಪಳು. ಗೋಡೆಗಳು ಎದೆಯೆತ್ತರಕ್ಕೆ ಬಂದು ನಿಂತಿವೆ. ಬಾಗಿಲಿನ ಚೌಕಟ್ಟನ್ನು ಮಾತ್ರ ಈಗಾಗಲೇ ತಂದು ನಿಲ್ಲಿಸಿದ್ದಾರೆ. ಉಳಿದ ಕೆಲಸಕ್ಕೆ ಗುಂಟೂರಿನಿಂದ ಹಣ ಬರಬೇಕು.